ದ್ವೀಪದ ಶಾಲೆಯೂ ದಾನಶೂರರ ಕಥೆಯೂ

ಈಚೆಗೆ ದೊಡ್ಡವರ ಸಭೆಗಳಲ್ಲಿ ಒಂದು ಹೊಸ ಮಂತ್ರ ಕೇಳಿಬರುತ್ತಿದೆ. ಅದರ ಹೆಸರು 'ಸಾಮಾಜಿಕ ಉದ್ಯಮ'. ಉದ್ಯಮಪತಿಗಳು ಹೇಳುತ್ತಾರೆ, ಮಂತ್ರಿಗಳು ತಲೆದೂಗುತ್ತಾರೆ, ವಿದ್ಯಾಧಿಕಾರಿಗಳು ಬರೆದುಕೊಳ್ಳುತ್ತಾರೆ. ಮಂತ್ರದ ಅರ್ಥ ಇಷ್ಟೆ: ಶಾಲೆಗೆ ಮೇಷ್ಟ್ರಿಲ್ಲವೆಂದು, ಸೂರು ಸೋರುತ್ತದೆಯೆಂದು ಸರ್ಕಾರದ ಬಾಗಿಲು ತಟ್ಟಬೇಡಿ. ಮಕ್ಕಳ ಕೈಗೆ ಯಂತ್ರ ಕೊಡಿ, ತಲೆಗೆ ವ್ಯಾಪಾರದ ಬುದ್ಧಿ ತುಂಬಿ. ಊರಿನ ಸಂಕಟವನ್ನು ಅವರೇ ನೀಗಿಕೊಳ್ಳುತ್ತಾರೆ!

ದೃಷ್ಟಾಂತವೇನು ಸ್ವಾಮಿ ಎಂದು ಕೇಳಿದರೆ ಈ ಮಹಾನುಭಾವರು ದೂರದ ದ್ವೀಪಗಳ ಪುಟ್ಟ ಶಾಲೆಗಳತ್ತ ಬೆರಳು ತೋರುತ್ತಾರೆ. ಜಪಾನಿನ ಒಂದು ದ್ವೀಪದಲ್ಲಿ ಮುಚ್ಚಲಿದ್ದ ಶಾಲೆಯನ್ನು ಮಕ್ಕಳೇ ಉಳಿಸಿಕೊಂಡರಂತೆ. ಬಾಲಿ ದ್ವೀಪದಲ್ಲಿ ಮಕ್ಕಳು ಕರಿದ ಎಣ್ಣೆಯಿಂದ ಬಸ್ಸು ಓಡಿಸಿದರಂತೆ. ನೀವೂ ಹಾಗೆ ಮಾಡಿ ಎಂಬುದು ಉಪದೇಶ.

ಈ ಎರಡು ಕಥೆಗಳೂ ನಿಜ. ಆ ಮಕ್ಕಳ ಮೇಲೆ ನಮಗೆ ಎಳ್ಳಷ್ಟೂ ಮುನಿಸಿಲ್ಲ. ಅವರು ಮಾಡಿದ್ದನ್ನು ಕಂಡು ನಮಗೂ ಸಂತೋಷವೇ. ಆದರೆ ಕಥೆಯ ಅರ್ಧವನ್ನು ಮಾತ್ರ ಹೇಳಿ, ಇಲ್ಲದ ನೀತಿಯನ್ನು ಅದರ ಬಾಲಕ್ಕೆ ಕಟ್ಟುವುದನ್ನು ನಾವು ಒಪ್ಪುವುದಿಲ್ಲ. ಉಳಿದರ್ಧವನ್ನು ನಮ್ಮ ಗಿರಣಿ ಬಂಧುಗಳ ಮುಂದೆಯೂ ಅಂಗಡಿಕಾರ ಮಿತ್ರರ ಮುಂದೆಯೂ ಇಡುವುದೇ ಈ ಲೇಖನದ ಉದ್ದೇಶ.

ಅಮಾ ದ್ವೀಪದಲ್ಲಿ ನಡೆದದ್ದೇನು?

ಜಪಾನಿನ ಶಿಮಾನೆ ಪ್ರಾಂತ್ಯದ ಕರಾವಳಿಯಿಂದ ಸುಮಾರು 60 ಕಿಲೋಮೀಟರು ದೂರದಲ್ಲಿ ಓಕಿ ದ್ವೀಪಗಳಿವೆ. ದಡದಿಂದ ಹಡಗು ಹತ್ತಿದರೆ ಹೆಚ್ಚು ಕಡಿಮೆ ಮೂರು ಗಂಟೆಯ ದಾರಿ. ಹಿಂದೆ ರಾಜದ್ರೋಹಿಗಳನ್ನು ಗಡೀಪಾರು ಮಾಡುತ್ತಿದ್ದ ಜಾಗವಿದು. ಗೋತೊಬಾ ಎಂಬ ಚಕ್ರವರ್ತಿಯನ್ನೇ 1221ರಲ್ಲಿ ಇಲ್ಲಿಗೆ ತಂದು ಬಿಟ್ಟರು. 1239ರಲ್ಲಿ ಆತ ಇಲ್ಲಿಯೇ ತೀರಿಕೊಂಡ. ಅಮಾ ಎಂಬುದು ಈ ದ್ವೀಪಗಳಲ್ಲೊಂದರ ಪಟ್ಟಣ. 1950ರ ಹೊತ್ತಿಗೆ ಅಲ್ಲಿ ಸುಮಾರು 7,000 ಜನರಿದ್ದರು. 2020ರ ಹೊತ್ತಿಗೆ ಉಳಿದವರು 2,300ರ ಆಸುಪಾಸು. ಹರೆಯದವರೆಲ್ಲ ದುಡಿಮೆಗಾಗಿ ದೊಡ್ಡ ನಗರಗಳಿಗೆ ಹೋದರು, ಮುದುಕರು ಉಳಿದರು. ಈ ಕಥೆ ನಮ್ಮ ಬಯಲುಸೀಮೆಯ ಹಳ್ಳಿಗಳಿಗೆ ಹೊಸದಲ್ಲ.

ಇದೇ ಹೊತ್ತಿನಲ್ಲಿ ತೋಕಿಯೋದ ಸರ್ಕಾರ ಸಣ್ಣ ಊರುಗಳ ಅನುದಾನಕ್ಕೆ ಕತ್ತರಿ ಹಾಕಿತು. ಒಬ್ಬೊಬ್ಬರೇ ಬದುಕಲಾರಿರಿ, ಒಂದಕ್ಕೊಂದು ಸೇರಿಹೋಗಿ ಎಂದಿತು. 1999ರಲ್ಲಿ ಆ ದೇಶದಲ್ಲಿ 3,232 ಸ್ಥಳೀಯ ಸಂಸ್ಥೆಗಳಿದ್ದವು. 2010ರ ಮಾರ್ಚ್ ಮುಗಿಯುವಾಗ ಉಳಿದವು 1,727 ಮಾತ್ರ. ಅಮಾ ಪಟ್ಟಣದ ತಲೆಯ ಮೇಲೆ ಸುಮಾರು 1,000 ಕೋಟಿ ಯೆನ್ ಸಾಲವಿತ್ತು. ಹಾಗಿದ್ದರೂ ಅಲ್ಲಿನ ಜನ ಸೇರ್ಪಡೆಯನ್ನು ನಿರಾಕರಿಸಿ, ನಮ್ಮ ಊರನ್ನು ನಾವೇ ಆಳಿಕೊಳ್ಳುತ್ತೇವೆ ಎಂದರು.

ಆಮೇಲೆ ಏನು ಮಾಡಿದರು? 2005ರಲ್ಲಿ ಮೇಯರು ಯಮಾಉಚಿ ಮಿಚಿಯೊ ತಮ್ಮ ಸಂಬಳದಲ್ಲಿ ಅರ್ಧವನ್ನು ಬಿಟ್ಟರು. ಕೆಳಗಿನ ನೌಕರರ ಕಡಿತ ಅದಕ್ಕಿಂತ ಕಡಿಮೆ. ಸಂಬಳ ಕಡಿತವೆಂದರೆ ನಮ್ಮ ಗಿರಣಿ ಬಂಧುಗಳ ಮೈ ಉರಿಯುವುದು ಸಹಜ. ಯಾವ ದುಡಿಮೆಗಾರನ ಕೂಲಿಯನ್ನು ಕಡಿಯುವುದನ್ನೂ ನಾವು ಹೊಗಳುವುದಿಲ್ಲ. ಆದರೆ ಕ್ರಮವನ್ನು ಗಮನಿಸಿ. ಅಲ್ಲಿ ಕತ್ತರಿ ಅತಿ ಹೆಚ್ಚು ಕತ್ತರಿಸಿದ್ದು ಮೇಲಿನವನ ಜೇಬನ್ನು. ನಮ್ಮಲ್ಲಿ ನಷ್ಟವೆಂದ ಕೂಡಲೇ ಮೊದಲು ಬೀದಿಗೆ ಬೀಳುವವನು ಬದಲಿ ಕೆಲಸಗಾರ. ಕೊನೆಯವರೆಗೂ ಕಾರಿನಿಂದ ಇಳಿಯದವನು ಡೈರೆಕ್ಟರು.

ಅದೇ 2005ರಲ್ಲಿ ಪಟ್ಟಣವೇ ಮುಂದೆ ನಿಂತು ಒಂದು ಕಂಪನಿಯನ್ನು ಹುಟ್ಟುಹಾಕಿತು. ದ್ವೀಪದ ಮೀನು, ಸಿಂಪಿ ಮುಖ್ಯನಾಡಿನ ಪೇಟೆ ಸೇರುವಷ್ಟರಲ್ಲಿ ಬಾಡಿ ಬೆಲೆ ಬೀಳುತ್ತಿತ್ತು. ಉಳಿದಿದ್ದನ್ನು ಹಡಗಿನ ಬಾಡಿಗೆ ನುಂಗುತ್ತಿತ್ತು. ಆದ್ದರಿಂದ ಮೀನಿನ ಜೀವಕೋಶ ಒಡೆಯದ ಹಾಗೆ ಹೆಪ್ಪುಗಟ್ಟಿಸುವ ಹೊಸ ಬಗೆಯ ಶೈತ್ಯಾಗಾರವನ್ನು ತಂದು ನಿಲ್ಲಿಸಿದರು. ತಂತ್ರಜ್ಞಾನ ಅತ್ಯಾಧುನಿಕವಾದದ್ದೇ. ಆದರೆ ಅದು ಯಾವುದೋ ಸಾಹುಕಾರನ ಲಾಭಕ್ಕಾಗಿ ಬಂದದ್ದಲ್ಲ. ಊರು ನಿಂತು ತಂದದ್ದು. ಈ ಒಂದು ಸಂಗತಿಯನ್ನು ಭಾಷಣಕಾರರು ನುಂಗಿಬಿಡುತ್ತಾರೆ.

ಮುಚ್ಚಬೇಕೆಂದಿದ್ದ ಹೈಸ್ಕೂಲು

ಈಗ ಶಾಲೆಗೆ ಬರೋಣ. ಅಮಾ ಮತ್ತು ಪಕ್ಕದ ಎರಡು ದ್ವೀಪಗಳಿಗೆ ಸೇರಿ ಇರುವುದು ಓಕಿ ದೋಜೆನ್ ಎಂಬ ಒಂದೇ ಹೈಸ್ಕೂಲು, ಅದೂ ಸರ್ಕಾರಿ ಹೈಸ್ಕೂಲು. 2008ರಲ್ಲಿ ಅಲ್ಲಿ ಓದುತ್ತಿದ್ದವರು ತೊಂಬತ್ತರ ಆಸುಪಾಸು. ಲೆಕ್ಕ ಇನ್ನಷ್ಟು ಇಳಿದರೆ ಶಾಲೆಗೆ ಬೀಗ. ಹೈಸ್ಕೂಲು ಹೋದರೆ ಹದಿನೈದರ ಮಗು ಕಡಲು ದಾಟಿ ಓದಬೇಕು. ಊಟ ವಸತಿಯ ಖರ್ಚು ತಂದೆತಾಯಿಯ ತಲೆಯ ಮೇಲೆ. ಆ ಖರ್ಚು ತಾಳಲಾರದ ಸಂಸಾರ ಮಗುವಿನ ಹಿಂದೆಯೇ ಗಂಟುಮೂಟೆ ಕಟ್ಟುತ್ತದೆ. ಶಾಲೆಗೆ ಬಿದ್ದ ಬೀಗ ಕ್ರಮೇಣ ಊರಿಗೇ ಬೀಳುತ್ತದೆ. ಈ ಸತ್ಯವನ್ನು ಅಲ್ಲಿನವರು ಬೇಗ ಕಂಡುಕೊಂಡರು.

ಮೂರು ದ್ವೀಪಗಳೂ ಹೈಸ್ಕೂಲೂ ಕೂಡಿ ಕೆಲಸಕ್ಕಿಳಿದವು. ಪಾಠವನ್ನು ದ್ವೀಪದ ಬದುಕಿಗೆ ತಿರುಗಿಸಿದರು. ಮಕ್ಕಳು ತಂಡ ಕಟ್ಟಿ ಊರಿನ ಒಂದೊಂದು ಸಮಸ್ಯೆಯನ್ನು ಆರಿಸಿಕೊಳ್ಳುವುದು, ಬೆಸ್ತರ ಬಳಿಗೆ, ರೈತರ ಬಳಿಗೆ, ಅಂಗಡಿಯವರ ಬಳಿಗೆ ಹೋಗಿ ವಿಚಾರಿಸುವುದು, ದೊಡ್ಡವರ ಜೊತೆ ನಿಂತು ಪರಿಹಾರವನ್ನು ಮಾಡಿ ನೋಡುವುದು. ಪ್ರವಾಸದ ಯೋಜನೆಗಾಗಿ ಹೈಸ್ಕೂಲು ಮಕ್ಕಳಿಗೆ ಇಟ್ಟ ರಾಷ್ಟ್ರಮಟ್ಟದ ಸ್ಪರ್ಧೆಯೊಂದರಲ್ಲಿ 2009ರಲ್ಲಿ ಇವರೇ ಮೊದಲ ಬಹುಮಾನ ಪಡೆದರು. ಇವರ ಯೋಜನೆ ಬಹಳ ಸರಳ: ಬಂದವರಿಗೆ ಗುಡಿ ಗೋಪುರ ತೋರಿಸುವುದಲ್ಲ, ದ್ವೀಪದ ಮನುಷ್ಯರನ್ನು ತೋರಿಸುವುದು. ಬೆಸ್ತನೊಡನೆ ಒಂದು ದಿನ, ರೈತನೊಡನೆ ಒಂದು ದಿನ ಕಳೆದು ಸ್ನೇಹ ಬೆಳೆಸಿಕೊಂಡು ಹೋಗಲಿ ಎಂಬುದು. ಯೋಜನೆಯನ್ನು ಕಾಗದದ ಮೇಲೆಯೇ ಬಿಡದೆ ಮುಂದೆ ನಡೆಸಿಯೂ ತೋರಿಸಿದರು.

2010ರಲ್ಲಿ ದ್ವೀಪಗಳು ಸಾರ್ವಜನಿಕ ಖರ್ಚಿನಲ್ಲಿ ಒಂದು ಕಲಿಕಾ ಕೇಂದ್ರವನ್ನು ತೆರೆದವು. ನಗರಗಳಲ್ಲಿ ಕಾಸು ಸುರಿದು ಕೊಳ್ಳುವ ಟ್ಯೂಷನ್ನು ಇಲ್ಲಿ ಊರಿನ ಏರ್ಪಾಡಾಯಿತು. ಹೊರಗಿನ ಮಕ್ಕಳು ಬಂದು ಓದಲು ವಿದ್ಯಾರ್ಥಿನಿಲಯದ ಸೌಕರ್ಯ ಕಲ್ಪಿಸಿ, ಸಹಾಯಧನ ಕೊಟ್ಟರು. 2012ರಲ್ಲಿ ಹೊಸದಾಗಿ ಸೇರಿದವರಿಗೆ ಒಂದು ತರಗತಿ ಸಾಲದೆ ಎರಡು ಮಾಡಬೇಕಾಯಿತು. 2008ರಿಂದ ಹತ್ತು ವರ್ಷ ತುಂಬುವುದರೊಳಗೆ ಶಾಲೆಯ ಮಕ್ಕಳ ಸಂಖ್ಯೆ ಹೆಚ್ಚು ಕಡಿಮೆ ಇಮ್ಮಡಿಯಾಯಿತು.

ಈಗ ನಮ್ಮ ಓದುಗರೇ ಹೇಳಲಿ. ಈ ಕಥೆಯಲ್ಲಿ ಸರ್ಕಾರ ಹಿಂದೆ ಸರಿದದ್ದು ಎಲ್ಲಿ? ಶೈತ್ಯಾಗಾರ ತಂದದ್ದು ಊರು, ಶಾಲೆ ಸರ್ಕಾರದ್ದು, ಕಲಿಕಾ ಕೇಂದ್ರ ಸಾರ್ವಜನಿಕರದ್ದು, ಸಹಾಯಧನ ಬಂದದ್ದು ಬೊಕ್ಕಸದಿಂದ. ಮಕ್ಕಳ ಉತ್ಸಾಹ ದೀಪದ ಬತ್ತಿಯಾಗಿತ್ತು, ಸರಿ. ಎಣ್ಣೆ ಹಾಕಿದವರು ಯಾರು? ಎಣ್ಣೆಯ ಮಾತು ಎತ್ತದೆ ಬತ್ತಿಯನ್ನು ಹೊಗಳುವ ಜಾಣರು ನಮ್ಮಲ್ಲಿ ಕತ್ತಲೆಯನ್ನಷ್ಟೇ ಹಂಚಬಲ್ಲರು.

ಬಾಲಿಯ ಬಸ್ಸೂ ಚೀಲವೂ

ಇನ್ನೊಂದು ದೃಷ್ಟಾಂತ ಇಂಡೊನೇಷ್ಯಾದ ಬಾಲಿ ದ್ವೀಪದ್ದು. ಅಲ್ಲಿ ಅಯುಂಗ್ ಹೊಳೆಯ ದಡದಲ್ಲಿ ಬಿದಿರಿನಿಂದಲೇ ಕಟ್ಟಿದ 'ಗ್ರೀನ್ ಸ್ಕೂಲ್' 2008ರಲ್ಲಿ ಆರಂಭವಾಯಿತು. ಹಲವು ದೇಶಗಳ ಮಕ್ಕಳು ಓದುವ ಖಾಸಗಿ ಶಾಲೆ ಅದು. ಕೆಲವು ಸ್ಥಳೀಯ ಮಕ್ಕಳಿಗೆ ವಿದ್ಯಾರ್ಥಿವೇತನವುಂಟು. ಆದರೆ ಅದರ ಶುಲ್ಕ ಬಾಲಿಯ ಗದ್ದೆಯಲ್ಲಿ ದುಡಿಯುವವನ ಅಳವಿಗೆ ಮೀರಿದ್ದು.

ಅಲ್ಲಿನ ವಿದ್ಯಾರ್ಥಿಗಳು ಮನೆಗಳಿಂದಲೂ ಹೋಟೆಲುಗಳಿಂದಲೂ ಕರಿದು ಉಳಿದ ಎಣ್ಣೆಯನ್ನು ಕೂಡಿಸಿ, ಅದರಿಂದ ಜೈವಿಕ ಡೀಸೆಲ್ ಮಾಡಿ, ಶಾಲೆಯ ಬಸ್ಸು ಓಡಿಸಿದರು. ವಿದ್ಯೆ ಬಹಳ ಗಹನವಾದದ್ದೇನಲ್ಲ. ಎಣ್ಣೆಯನ್ನು ಸೋಸಿ, ಕಾಯಿಸಿ, ಮೆಥನಾಲನ್ನೂ ಕಾಸ್ಟಿಕ್ ಕ್ಷಾರವನ್ನೂ ಬೆರೆಸಿ ಕಲಕಿ ಬಿಟ್ಟರೆ ಭಾರವಾದ ಗ್ಲಿಸರಿನ್ ತಳಕ್ಕಿಳಿಯುತ್ತದೆ, ಡೀಸೆಲ್ ಮೇಲೆ ನಿಲ್ಲುತ್ತದೆ. ಗ್ಲಿಸರಿನ್ನಿನಿಂದ ಸಾಬೂನು. ಒಳ್ಳೆಯ ಕೆಲಸ, ನಾವು ಮೆಚ್ಚುತ್ತೇವೆ. ನಮ್ಮ ಬಜ್ಜಿ ಬೋಂಡದ ಅಂಗಡಿಯವರಿಗೂ ಇದು ದೂರದ ಮಾತಲ್ಲ. ಮತ್ತೆ ಮತ್ತೆ ಕಾಯಿಸಿ ಕೆಟ್ಟ ಎಣ್ಣೆಯನ್ನು ಬಳಸಬಾರದೆಂದು ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲಿ ಮಿತಿ ಗೊತ್ತುಮಾಡಿತು. ಆ ಎಣ್ಣೆಯನ್ನು ಡೀಸೆಲ್ ಮಾಡಲು ಒಂದು ಯೋಜನೆಯನ್ನೂ ಅದೇ ವರ್ಷ ಹೊರಡಿಸಿತು. ಹಾಗಾದರೆ ನಮ್ಮ ಸರ್ಕಾರಿ ಹೈಸ್ಕೂಲಿನ ಮಕ್ಕಳು ಇದನ್ನು ಏಕೆ ಮಾಡಬಾರದು? ಮಾಡಬಹುದು. ಆದರೆ ಮೆಥನಾಲ್ ಎಂಬುದು ವಿಷ, ಬೆಂಕಿಗೆ ಹತ್ತಿರ ಬಂದರೆ ಹೊತ್ತಿಕೊಳ್ಳುವ ವಸ್ತು. ಅದಕ್ಕೆ ಪ್ರಯೋಗಶಾಲೆ ಬೇಕು, ಪಕ್ಕದಲ್ಲಿ ನಿಲ್ಲಲು ವಿಜ್ಞಾನದ ಮೇಷ್ಟ್ರು ಬೇಕು. ಮೇಷ್ಟ್ರ ಕುರ್ಚಿ ಖಾಲಿ ಇಟ್ಟು ಮಕ್ಕಳಿಗೆ ಉದ್ಯಮಶೀಲತೆಯನ್ನು ಬೋಧಿಸುವುದು ಹೊಟ್ಟೆಗೆ ಹಿಟ್ಟಿಲ್ಲದವನ ಜುಟ್ಟಿಗೆ ಮಲ್ಲಿಗೆ ಮುಡಿಸಿದ ಹಾಗೆ.

ಇದೇ ಶಾಲೆಯಲ್ಲಿ ಓದುತ್ತಿದ್ದ ಮೇಲಾತಿ ಮತ್ತು ಇಸಬೆಲ್ ವೈಸೆನ್ ಎಂಬ ಅಕ್ಕತಂಗಿಯರು 2013ರಲ್ಲಿ ಪ್ಲಾಸ್ಟಿಕ್ ಚೀಲದ ವಿರುದ್ಧ ಚಳವಳಿ ಹೂಡಿದರು. ಒಬ್ಬಳಿಗೆ ಹನ್ನೆರಡು ವರ್ಷ, ಇನ್ನೊಬ್ಬಳಿಗೆ ಹತ್ತು. ಕಡಲತೀರ ಗುಡಿಸಿದರು, ಸಹಿ ಸಂಗ್ರಹಿಸಿದರು. ಗವರ್ನರು ಭೇಟಿ ಕೊಡಲಿಲ್ಲ. ಭಾರತಕ್ಕೆ ಬಂದಾಗ ಗಾಂಧೀಜಿಯ ಉಪವಾಸದ ವಿಚಾರ ತಿಳಿದ ಈ ಮಕ್ಕಳು 2014ರಲ್ಲಿ ಬೆಳಗಿನಿಂದ ಸಂಜೆಯವರೆಗೆ ಉಪವಾಸ ಕುಳಿತರು. ಆಮೇಲೆ ಗವರ್ನರು ಕರೆಸಿ ಭರವಸೆ ಬರೆದುಕೊಟ್ಟರು. ಭರವಸೆಯೇ ಕಾನೂನಾಗಲಿಲ್ಲ. ಇನ್ನೊಬ್ಬ ಗವರ್ನರು ಬಂದು 2018ರಲ್ಲಿ ನಿಯಮ ಹೊರಡಿಸಿ, 2019ರಲ್ಲಿ ಅದು ಜಾರಿಗೆ ಬಂದ ಮೇಲೆಯೇ ಚೀಲಕ್ಕೆ ನಿಷೇಧ ಬಿದ್ದದ್ದು.

ಈ ಮಕ್ಕಳ ಗೆಲುವನ್ನು ಸಾಮಾಜಿಕ ಉದ್ಯಮದ ಲೆಕ್ಕಕ್ಕೆ ಬರೆಯುವವರಿದ್ದಾರೆ! ಕೋತಿ ತಾನು ತಿಂದು ಮೇಕೆಯ ಬಾಯಿಗೆ ಒರೆಸಿತಂತೆ. ಇಲ್ಲಿ ಬೆಳೆದದ್ದು ಮೇಕೆ, ಬಿರುದು ಕೋತಿಗೆ. ಗೆದ್ದದ್ದು ಉದ್ಯಮವಲ್ಲ, ಸತ್ಯಾಗ್ರಹ. ಸಹಿ, ಉಪವಾಸ, ಒತ್ತಾಯ, ಕೊನೆಗೆ ಕಾನೂನು. ಇದು ನಮಗೆಲ್ಲ ಗೊತ್ತಿರುವ ಹಳೆಯ ದಾರಿಯೇ ಅಲ್ಲವೆ?

ಕಾನೂನಾದ ಮಾತ್ರಕ್ಕೆ ನ್ಯಾಯವಾಯಿತೆಂದೂ ಅಲ್ಲ. ಕರ್ನಾಟಕದಲ್ಲಿ 2016ರಲ್ಲಿಯೇ ಪ್ಲಾಸ್ಟಿಕ್ ಚೀಲದ ನಿಷೇಧ ಬಂತು. 2022ರ ಜುಲೈ 1ರಿಂದ ದೇಶಕ್ಕೆಲ್ಲ ಒಮ್ಮೆ ಬಳಸಿ ಎಸೆಯುವ ಹಲವು ವಸ್ತುಗಳ ನಿಷೇಧ ಬಂತು. ಅಧಿಕಾರಿಗಳು ಎಲ್ಲಿಗೆ ಹೋಗುತ್ತಾರೆ? ಸೊಪ್ಪಿನ ಬುಟ್ಟಿಯ ಮುಂದೆ, ಕಿರಾಣಿ ಅಂಗಡಿಯ ಗಲ್ಲೆಯ ಮುಂದೆ. ಚೀಲ ಮಾಡುವ ಯಂತ್ರ ಎಲ್ಲಿ ಓಡುತ್ತದೆಯೆಂದು ಹುಡುಕುವ ಉತ್ಸಾಹ ಅವರಿಗೆ ಅಷ್ಟಾಗಿ ಇಲ್ಲ. ಹಣ್ಣು ತಿಂದವನು ನುಣುಚಿಕೊಂಡ, ಸಿಪ್ಪೆ ತಿಂದವನು ಸಿಕ್ಕಿಕೊಂಡ!

ಹೊಸ ಹೆಸರು, ಹಲ್ಲು ಕಿತ್ತ ಸಹಕಾರ

ಸಮಾಜಕ್ಕೆ ಉಪಯೋಗವಾಗುವಂತೆ ಉದ್ಯಮ ನಡೆಸುವುದು ಯಾವ ಮೇಧಾವಿಯೂ ನಿನ್ನೆ ಕಂಡುಹಿಡಿದ ವಿದ್ಯೆಯಲ್ಲ. ಇಂಗ್ಲೆಂಡಿನ ರಾಚ್‌ಡೇಲ್‌ನಲ್ಲಿ 1844ರಲ್ಲಿ ನೇಕಾರರು ಮೊದಲಾದ ಕೂಲಿಕಾರರು ಕಾಸು ಕೂಡಿಸಿ ತಮ್ಮದೇ ಅಂಗಡಿ ತೆರೆದರು. ನಮ್ಮ ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದರು. ಅಲ್ಲಿ ಸದಸ್ಯನೇ ಮಾಲೀಕ. ಒಬ್ಬ ಮನುಷ್ಯನಿಗೆ ಒಂದು ಮತ. ಲಾಭ ಬಂದರೆ ಹಂಚಿಕೆ, ನಷ್ಟವಾದರೆ ಎಲ್ಲರ ಹೊಣೆ. ಸಹಕಾರದ ಹಲ್ಲು ಎಂದರೆ ಈ ಒಡೆತನ. ಅದನ್ನು ಕಿತ್ತು, ಬಣ್ಣ ಬಳಿದು, 'ಸಾಮಾಜಿಕ ಉದ್ಯಮ'ವೆಂದು ಹೆಸರಿಟ್ಟು ಇಂದು ಮಾರುತ್ತಿದ್ದಾರೆ. ಕೇಂದ್ರ ಸರ್ಕಾರ 2019ರ ಬಜೆಟ್ಟಿನಲ್ಲಿ 'ಸಾಮಾಜಿಕ ಷೇರುಪೇಟೆ'ಯನ್ನೂ ಸಾರಿತು. ಕರುಣೆಗೂ ಪೇಟೆಯ ಧಾರಣೆ ಬಂತು!

ಇದರ ಹಿಂದಿನ ಲೆಕ್ಕವನ್ನು ನೋಡೋಣ. 2013ರ ಕಂಪನಿ ಕಾಯಿದೆಯಂತೆ ದೊಡ್ಡ ಕಂಪನಿಗಳು ತಮ್ಮ ನಿವ್ವಳ ಲಾಭದ ಸರಾಸರಿಯಲ್ಲಿ ನೂರಕ್ಕೆ 2ನ್ನು ಸಮಾಜ ಕಾರ್ಯಕ್ಕೆ ಖರ್ಚು ಮಾಡಬೇಕು. ಆ ಎರಡರಿಂದ ಶಾಲೆಗೆ ಬಣ್ಣ ಬಳಿಸಿದರೆ ಗೋಡೆಯ ಮೇಲೆ ಕಂಪನಿಯ ಹೆಸರು, ಪತ್ರಿಕೆಯಲ್ಲಿ ಚಿತ್ರ. ಅತ್ತ 2019ರ ಸೆಪ್ಟೆಂಬರಿನಲ್ಲಿ, ವಿನಾಯಿತಿಗಳನ್ನು ಬಿಟ್ಟುಕೊಟ್ಟ ಕಂಪನಿಗಳಿಗೆ ಆದಾಯ ತೆರಿಗೆಯ ಮೂಲ ದರವನ್ನು ನೂರಕ್ಕೆ 30ರಿಂದ 22ಕ್ಕೆ ಇಳಿಸಲಾಯಿತು. ಬಲಗೈಯಿಂದ ಎರಡು ಕೊಟ್ಟು ಎಡಗೈಯಿಂದ ಎಂಟು ಪಡೆಯುವ ಈ ದಾನಶೂರ ಕರ್ಣರು ನಮ್ಮ ಮಕ್ಕಳಿಗೆ ಸ್ವಾವಲಂಬನೆಯನ್ನು ಬೋಧಿಸುತ್ತಾರೆ!

ಕೈಗೆಲಸದ ವಿದ್ಯೆಗೆ ನಾವು ವಿರೋಧಿಗಳೆಂದು ಯಾರೂ ಬಗೆಯಬಾರದು. 1937ರ ವಾರ್ಧಾ ಸಮ್ಮೇಳನದಲ್ಲಿ ಗಾಂಧೀಜಿ ಕಸುಬಿನ ಮೂಲಕ ಶಿಕ್ಷಣ ಕೊಡಬೇಕೆಂದರು. ಮಕ್ಕಳು ಮಾಡಿದ ವಸ್ತುಗಳ ಮಾರಾಟದಿಂದಲೇ ಶಾಲೆ ನಡೆಯಲಿ ಎಂಬ ಮಾತೂ ಅದರಲ್ಲಿ ಸೇರಿತ್ತು. ಹಾಗಾದರೆ ಮಗು ಕೂಲಿಯಾಗುವುದಿಲ್ಲವೆ ಎಂಬ ಆಕ್ಷೇಪ ಅಂದೇ ಎದ್ದಿತ್ತು. ಆಕ್ಷೇಪ ಸರಿಯೆಂದು ನಮ್ಮ ಮತ. ಮಗುವಿನ ಕೈ ಕೆಲಸ ಕಲಿಯಲಿ. ಶಾಲೆಯ ಖರ್ಚನ್ನು ಆ ಪುಟ್ಟ ಕೈಯ ಮೇಲೆ ಹೇರಬಾರದು. ಯಂತ್ರವನ್ನೂ ನಾವು ದ್ವೇಷಿಸುವುದಿಲ್ಲ. 1952ರಲ್ಲಿ ಪಚ್‌ಮಡಿಯಲ್ಲಿ ಡಾಕ್ಟರ್ ಲೋಹಿಯಾ ಅವರು ಸಣ್ಣ ಯಂತ್ರದ ತತ್ವವನ್ನು ಸಮಾಜವಾದಿಗಳ ಮುಂದಿಟ್ಟರು. ಊರಿನ ಅಳತೆಗೆ ತಕ್ಕ ಯಂತ್ರ, ಊರಿನ ಹತೋಟಿಯಲ್ಲಿರುವ ಯಂತ್ರ ಎಂಬುದು ಅದರ ಸಾರ. ಅಮಾ ದ್ವೀಪದ ಶೈತ್ಯಾಗಾರ ಆ ಮಾತಿಗೆ ಹತ್ತಿರವಾಗಿದೆ. ಗಿರಣಿಯ ಭೋಂಗಾ ಕೇಳಿ ಎದ್ದು ಓಡಿದವನಿಗೆ ಈ ತತ್ವವನ್ನು ಬಿಡಿಸಿ ಹೇಳಬೇಕಾಗಿಲ್ಲ. ಯಂತ್ರ ಎಷ್ಟು ಹೊಸದು ಎಂಬುದಕ್ಕಿಂತ ಯಂತ್ರ ಯಾರದು ಎಂಬುದೇ ತನ್ನ ಅನ್ನದ ಪ್ರಶ್ನೆ ಎಂದು ಅವನು ಬಲ್ಲ.

ನಮ್ಮ ಶಾಲೆಗಳ ಗತಿ

ನಮ್ಮ ಶಾಲೆಗಳ ಸುತ್ತ ಕಡಲಿಲ್ಲ. ಆದರೂ ಎಷ್ಟೋ ಶಾಲೆಗಳು ದ್ವೀಪಗಳಾಗಿವೆ. 2016–17ರ ಲೆಕ್ಕದಂತೆ ದೇಶದ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ನೂರಕ್ಕೆ ಸುಮಾರು 28ರಲ್ಲಿ ಮೂವತ್ತಕ್ಕಿಂತ ಕಡಿಮೆ ಮಕ್ಕಳು. ಒಬ್ಬರೇ ಮೇಷ್ಟ್ರಿರುವ ಶಾಲೆಗಳು 1,08,017. ಇದು ನಮ್ಮ ಲೆಕ್ಕವಲ್ಲ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿ ಸರ್ಕಾರವೇ ಅಚ್ಚು ಹಾಕಿಸಿದ್ದು. ಈ ಲೆಕ್ಕ ಕಂಡ ಕೂಡಲೇ ಮೇಷ್ಟ್ರನ್ನು ಕಳಿಸೋಣ ಎಂಬ ಯೋಚನೆ ಆಳುವವರಿಗೆ ಬರುವುದಿಲ್ಲ. ಶಾಲೆಯನ್ನು ಇನ್ನೊಂದಕ್ಕೆ ಸೇರಿಸೋಣ ಎಂಬ ಯೋಚನೆ ಬರುತ್ತದೆ. ಐದನೆಯ ತರಗತಿಯವರೆಗಿನ ಮಗುವಿಗೆ ಒಂದು ಕಿಲೋಮೀಟರಿನೊಳಗೆ ಶಾಲೆ ಇರಬೇಕೆಂದು 2010ರಲ್ಲಿ ಜಾರಿಗೆ ಬಂದ ಶಿಕ್ಷಣ ಹಕ್ಕಿನ ಕಾಯಿದೆಯ ನಿಯಮ ಹೇಳುತ್ತದೆ. ಹಕ್ಕು ಪುಸ್ತಕದಲ್ಲಿ, ಬೀಗ ಬಾಗಿಲಲ್ಲಿ.

2016ರಲ್ಲಿ ಕೇಂದ್ರ ಸರ್ಕಾರ ಮಕ್ಕಳ ಯಂತ್ರವಿದ್ಯೆಗಾಗಿ 'ಅಟಲ್ ಟಿಂಕರಿಂಗ್ ಲ್ಯಾಬ್' ಯೋಜನೆಯನ್ನು ಆರಂಭಿಸಿತು. ಆಯ್ಕೆಯಾದ ಶಾಲೆಗೆ ಒಟ್ಟು 20 ಲಕ್ಷ ರೂಪಾಯಿ. ಯೋಜನೆ ಒಳ್ಳೆಯದೇ. ಆದರೆ ಬಯಲು ನಾಡಿನ ಶಾಲೆಗೆ 1,500 ಚದರಡಿ ಜಾಗ ಇರಬೇಕೆಂದು ನಿಯಮವಿಟ್ಟರು. ಜಾಗವಿದ್ದವನಿಗೆ ಯಂತ್ರ, ಎರಡು ಕೋಣೆಯ ಶಾಲೆಗೆ ಚಪ್ಪಾಳೆ ತಟ್ಟುವ ಭಾಗ್ಯ. ಉಳ್ಳವನ ತಲೆಗೆ ಎಣ್ಣೆ ಹಚ್ಚುವ ಹಳೆಯ ಚಾಳಿ ಇದು.

ನಮ್ಮ ಒತ್ತಾಯಗಳು

ಆದ್ದರಿಂದ ನಾವು ಸ್ಪಷ್ಟವಾಗಿ ಕೇಳುತ್ತೇವೆ. ಒಂದು: ಊರಿನ ತಂದೆತಾಯಿಗಳು ಸಭೆ ಸೇರಿ ಒಪ್ಪದೆ ಯಾವ ಸರ್ಕಾರಿ ಶಾಲೆಯನ್ನೂ ಮುಚ್ಚಬಾರದು, ಸೇರಿಸಬಾರದು. ಎರಡು: ಯಂತ್ರಕ್ಕೆ ಮೊದಲು ಮೇಷ್ಟ್ರು ಬರಬೇಕು. ಮೂರು: ಒಂದೊಂದು ಶಾಲೆಗೂ 1,500 ಚದರಡಿ ಇಲ್ಲವಾದರೆ ಹೋಬಳಿಗೊಂದು ಸಾರ್ವಜನಿಕ ಕಾರ್ಯಾಗಾರ ಕಟ್ಟಬೇಕು. ಸುತ್ತಲಿನ ಎಲ್ಲ ಸರ್ಕಾರಿ ಶಾಲೆಯ ಮಕ್ಕಳಿಗೂ ಅಲ್ಲಿ ಸರದಿಯಂತೆ ಪ್ರವೇಶವಿರಬೇಕು. ಅಲ್ಲಿ ಕಲಿಸಲು, ನುರಿತು ನಿವೃತ್ತರಾದ ಗಿರಣಿಯ ಫಿಟ್ಟರುಗಳನ್ನೂ ಜಾಬರುಗಳನ್ನೂ ಸಂಬಳ ಕೊಟ್ಟು ಕರೆಯಬೇಕು. ನಾಲ್ಕು: ಮಕ್ಕಳು ಮಾಡಿದ ವಸ್ತು ಮಾರಾಟವಾದರೆ ಆ ಹಣ ವಿದ್ಯಾರ್ಥಿಗಳ ಸಹಕಾರ ಸಂಘಕ್ಕೆ ಸೇರಬೇಕು, ಲೆಕ್ಕ ಊರಿನ ಮುಂದೆ ಓದಬೇಕು. ಅದನ್ನು ನೆಪ ಮಾಡಿ ಶಾಲೆಯ ಅನುದಾನದಲ್ಲಿ ಒಂದು ಕಾಸನ್ನೂ ಇಳಿಸಬಾರದು. ಐದು: ಕಂಪನಿಗಳಿಂದ ದಾನ ಬೇಡ, ತೆರಿಗೆ ಬೇಕು.

ಅಮಾ ದ್ವೀಪದವರು 2011ರಲ್ಲಿ ತಮ್ಮ ಊರಿಗೆ ಒಂದು ಘೋಷಣೆಯನ್ನು ಆರಿಸಿಕೊಂಡರು. ಅವರ ಭಾಷೆಯಲ್ಲಿ ಅದಕ್ಕೆ ಎರಡು ಅರ್ಥವಂತೆ: ಇಲ್ಲದ್ದು ಇಲ್ಲ, ಅದಿಲ್ಲದೆಯೂ ಬದುಕುತ್ತೇವೆ ಎಂಬುದು ಒಂದು, ಇಲ್ಲಿ ಇಲ್ಲದ್ದು ಏನೂ ಇಲ್ಲ, ಬೇಕಾದದ್ದೆಲ್ಲ ಇದೆ ಎಂಬುದು ಇನ್ನೊಂದು. ಹೀಗೆ ಹೇಳಲು ಅವರಿಗೆ ಧೈರ್ಯ ಬಂದದ್ದು ಊರು ಅವರ ಕೈಯಲ್ಲೇ ಇದ್ದುದರಿಂದ. ನಮ್ಮ ಊರಿನ ಶಾಲೆಯೂ ನಮ್ಮ ಕೈಯಲ್ಲಿ ಉಳಿಯಬೇಕು. ಗಿರಣಿ ಬಂಧುಗಳೇ, ಅಂಗಡಿಕಾರ ಮಿತ್ರರೇ, ಶಾಲಾಭಿವೃದ್ಧಿ ಸಮಿತಿಯ ಸಭೆ ಯಾವತ್ತೆಂದು ನಾಳೆಯೇ ಹೋಗಿ ವಿಚಾರಿಸಿ. ಸಭೆಗೆ ಹೋಗಿ ಕುಳಿತುಕೊಳ್ಳಿ. ಎಷ್ಟು ಮೇಷ್ಟ್ರ ಹುದ್ದೆ ಖಾಲಿ ಇದೆಯೆಂದು ಎದ್ದು ಕೇಳಿ. ಉತ್ತರ ಬರುವವರೆಗೂ ಕುಳಿತುಕೊಳ್ಳಬೇಡಿ.